ಎಣ್ಣೆ ಸೋಕದ ಮನೆ

ಎರ್ರಮ್ಮನ ಮನೆಯಲ್ಲಿ ತಲೆಗೆ ಎಣ್ಣೆ ಬೀಳುತ್ತಿದ್ದುದು ತಿಂಗಳಿಗೆ ಒಂದೇ ದಿನ, ಅಮಾವಾಸ್ಯೆಗೆ. ಅಂದು ಮಗ್ಗಕ್ಕೆ ರಜೆ. ಉಳಿದ ದಿನಗಳಲ್ಲಿ ಎಣ್ಣೆ ಹಿತ್ತಲಿನ ಒಲೆಯ ಚಪ್ಪರ ದಾಟಿ ಒಳಗೆ ಬರುವಂತಿಲ್ಲ. ಒಗ್ಗರಣೆ ಹಾಕಿದ ಕೈಯನ್ನು ಸೀಗೆಪುಡಿಯಲ್ಲಿ ಎರಡು ಸಲ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಮೂಸಿ, ಆಮೇಲೆ ಹೊಸಿಲು ದಾಟಬೇಕು. ನೆಂಟರಿಗೂ ಇದೇ ಕಾನೂನು. ಮೊಳಕಾಲ್ಮೂರಿನಲ್ಲಿ ರೇಷ್ಮೆ ನೇಯುವವರ ಮನೆಗಳಲ್ಲೆಲ್ಲ ಇಂಥ ಎಚ್ಚರ ಇದ್ದದ್ದೇ. ಆದರೆ ಎರ್ರಮ್ಮನದು ಎಚ್ಚರವನ್ನು ದಾಟಿ ಮಡಿಯಾಗಿ ಹೋಗಿತ್ತು. ಕಾರಣವಿಲ್ಲದೆ ಅಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸದರಲ್ಲಿ, ಅವಳ ಜಡೆಯ ತುದಿ ತಗುಲಿ ಮಗ್ಗದ ಮೇಲಿದ್ದ ಸೀರೆಯ ಸೆರಗಿನಲ್ಲಿ ಕಾಸಿನಗಲದ ಎಣ್ಣೆ ಕಲೆ ಕೂತಿತ್ತು. ಅತ್ತೆ ಬೈಯಲಿಲ್ಲ. ಒಂದು ತಿಂಗಳು ಮನೆಗೆ ಬಂದವರಿಗೆಲ್ಲ ಆ ಕಲೆಯನ್ನು ಬಿಡಿಸಿ ತೋರಿಸಿದಳು. ಬೈದಿದ್ದರೇ ವಾಸಿಯಿತ್ತು.

ಇಂಥ ಮನೆಯ ಒಬ್ಬಳೇ ಮಗಳು ಚೌಡೇಶ್ವರಿಯನ್ನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿರುವ ಅಶ್ವಥ್‌ಗೆ ಕೊಟ್ಟಾಗ ನೆಂಟರಿಗೆ ನಗುವುದಕ್ಕೊಂದು ವಿಷಯ ಸಿಕ್ಕಿತು. ರೇಷ್ಮೆಯನ್ನು ತಗೊಂಡು ಹೋಗಿ ಎಣ್ಣೆ ಪೀಪಾಯಿಯಲ್ಲಿ ಅದ್ದಿದರಲ್ಲ ಎಂದರು. ಹುಡುಗ ಒಳ್ಳೆಯವನು. ಮಾವನ ಮನೆಗೆ ಬಂದಾಗ ಅತ್ತೆ ಕುಡಿಯಲು ನೀರು ಕೊಡುವ ಮುಂಚೆಯೇ ಸೀಗೆಪುಡಿಯ ಡಬ್ಬಿ ಮುಂದೆ ಹಿಡಿದರೂ ನಗುತ್ತಲೇ ಕೈ ತೊಳೆಯುತ್ತಿದ್ದ. ನಗದವಳು ಅವನ ತಾಯಿ ಗೀತಮ್ಮ. ಅವಳ ಲೆಕ್ಕದಲ್ಲಿ ಎಣ್ಣೆಗೆ ಬಗ್ಗದ ಕಾಯಿಲೆ ಲೋಕದಲ್ಲಿಲ್ಲ. ತಲೆನೋವಿಗೆ ಎಣ್ಣೆ, ಹೊಟ್ಟೆನೋವಿಗೆ ಎಣ್ಣೆ, ಮನಸ್ಸಿಗೆ ಬೇಜಾರಾದರೂ ನೆತ್ತಿಗೆ ಅಂಗೈ ತುಂಬ ಎಣ್ಣೆ. ಎಣ್ಣೆ ಕಂಡರೆ ಹಾವು ಕಂಡಂತೆ ಹಾರುವ ಬೀಗಿತಿ ಅವಳಿಗೆ ಎಲ್ಲಿಂದ ಹಿಡಿಸಬೇಕು?

ಚೌಡಿಗೆ ಹೆರಿಗೆಯಾದದ್ದು ಚಳ್ಳಕೆರೆಯಲ್ಲಿ. ಹೊಟ್ಟೆ ಕುಯ್ದು ತೆಗೆದರು, ಹೆಣ್ಣು ಕೂಸು. ಮೂರನೇ ದಿನ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ಪರೀಕ್ಷೆಗೆ ಕಳಿಸಿ, ಎಲ್ಲ ಸರಿಯಾಗಿದೆ ಎಂದರು. ಬಾಣಂತನಕ್ಕೆ ತವರಿಗೆ ಹೊರಟಾಗ ಗೀತಮ್ಮ ಒಂದು ದೊಡ್ಡ ತಗಡಿನ ಡಬ್ಬಿ ತಂದು ಕಾರಿನಲ್ಲಿಟ್ಟಳು. ಗಾಣದಲ್ಲಿ ಎದುರು ನಿಂತು ಆಡಿಸಿದ ಕೊಬ್ಬರಿ ಎಣ್ಣೆ. ಮಗುವಿಗೆ ತಿಕ್ಕಿ, ಬಾಣಂತಿಗೂ ಹಚ್ಚಿ ಎಂದಳು. ಎರ್ರಮ್ಮ ಹೂಂ ಎಂದಳು. ಮನೆಗೆ ಬಂದವಳೇ ಡಬ್ಬಿಗೆ ಎರಡು ಪ್ಲಾಸ್ಟಿಕ್ ಕವರು ಸುತ್ತಿ ಅಟ್ಟಕ್ಕೆ ಏರಿಸಿದಳು. ಇರುವುದೇ ಎರಡಂಕಣದ ಮನೆ. ಮುಂದಿನ ಅಂಕಣದ ಮುಕ್ಕಾಲು ಪಾಲು ಗುಂಡಿ ಮಗ್ಗ ನುಂಗಿದೆ. ತೊಟ್ಟಿಲು ಕಟ್ಟುವ ತೊಲೆ ಇರುವುದೂ ಅಲ್ಲೇ. ಎಣ್ಣೆ ಹಚ್ಚಿದ ಕೂಸನ್ನು ಎಲ್ಲಿ ಮಲಗಿಸುವುದು? ಹೆಸರುಹಿಟ್ಟು ಸಾಕು ಎಂದು ತೀರ್ಮಾನಿಸಿದಳು.

ಇಪ್ಪತ್ತನೇ ದಿನದ ಹೊತ್ತಿಗೆ ಚೌಡಿಯ ಮೊಲೆತೊಟ್ಟುಗಳು ಒಡೆದು ರಕ್ತ ಜಿನುಗತೊಡಗಿತು. ಮಗು ಬಾಯಿ ಹಾಕಿದರೆ ಸಾಕು, ಹಲ್ಲು ಕಚ್ಚಿಕೊಂಡು ಗೋಡೆಗೆ ತಲೆ ಒರಗಿಸುತ್ತಿದ್ದಳು. ಹೊಟ್ಟೆಯ ಹೊಲಿಗೆಯೂ ಒಂದು ಮೂಲೆಯಲ್ಲಿ ಸರಿಯಾಗಿ ಕೂಡಿರಲಿಲ್ಲ, ನೀರು ಒಸರುತ್ತಿತ್ತು. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಹಚ್ಚಿ ಎಂದರು, ಇನ್ನೊಬ್ಬರು ತುಪ್ಪ ಎಂದರು. ಎರ್ರಮ್ಮ ಎರಡಕ್ಕೂ ಬೇಡವೆಂದು ತಲೆಯಾಡಿಸಿಬಿಟ್ಟಳು.

ಅವಳ ಕಷ್ಟವೂ ಸಣ್ಣದಲ್ಲ. ಆ ವರ್ಷ ಬಲಭುಜ ಹಿಡಿದುಕೊಂಡು ಅವಳಿಗೆ ರಾಟೆ ತಿರುಗಿಸಲು ಆಗುತ್ತಿರಲಿಲ್ಲ. ರಾಟೆ ತಿರುಗದಿದ್ದರೆ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವವರಿಲ್ಲ, ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಗಂಡ ನಾಗರಾಜಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರಬೇಕು. ಮದುವೆ ಮನೆಯ ಸೀರೆ ಮಗ್ಗದ ಮೇಲಿತ್ತು, ದಿನ ಹತ್ತಿರ ಬರುತ್ತಿತ್ತು. ಅಪ್ಪ ಸುಮ್ಮನೆ ಕೂತದ್ದನ್ನು ನೋಡಲಾರದೆ ಚೌಡಿ ತಾನೇ ರಾಟೆಯ ಮುಂದೆ ಕೂತಳು. ಬಾಣಂತಿಯ ಕೈಯಲ್ಲಿ ಕೆಲಸ ಮಾಡಿಸುತ್ತಾಳೆ ಎಂದು ಓಣಿಯವರು ಆಡಿಕೊಂಡರು. ಎರ್ರಮ್ಮನಿಗೆ ಕೇಳಿಸಿತು. ಉತ್ತರ ಕೊಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಬಾಣಂತಿಗೆ ನೀರು ಹಾಕಿ, ಮಗುವಿಗೆ ನೀರು ಹಾಕಿ, ಬಟ್ಟೆ ಒಗೆದು, ಒಲೆ ಹಚ್ಚಿ, ಬೆಳಗಾಯಿತೋ ಬೈಗಾಯಿತೋ ಗೊತ್ತಾಗದ ದಿನಗಳು ಅವು. ರೇಷ್ಮೆ ನೂಲನ್ನು ಮಡಿಲಲ್ಲಿಟ್ಟುಕೊಂಡು ಕೂರುವವಳ ಎದೆಗೆ ಎಣ್ಣೆ ಹಚ್ಚಿದರೆ ಅದು ಕುಪ್ಪಸದಿಂದ ಒಸರಿ ನೂಲಿಗೆ ಇಳಿಯದೆ ಬಿಟ್ಟೀತೆ? ಹಾಲಿನ ಕಲೆಯಾದರೆ ನೀರಿಗೆ ಹೋಗುತ್ತದೆ. ಎಣ್ಣೆಯದು ಜನ್ಮಕ್ಕಂಟಿದ್ದು.

ಆಗ ನೆನಪಾದದ್ದು ಕಂದು ಮುಲಾಮು. ಹಿಂದಿನ ವರ್ಷ ನಾಗರಾಜಪ್ಪನ ಕಾಲಿನ ಹೆಬ್ಬೆರಳು ಜಜ್ಜಿ ಕೀವಾದಾಗ ಡಾಕ್ಟರು ಬರೆದುಕೊಟ್ಟದ್ದು, ಅರ್ಧ ಟ್ಯೂಬು ಗೂಡಿನಲ್ಲಿ ಉಳಿದಿತ್ತು. ಎರ್ರಮ್ಮ ಹಾಗೇ ಹಚ್ಚಿಬಿಡುವ ಹೆಂಗಸಲ್ಲ. ಪರೀಕ್ಷೆ ಮಾಡಿದಳು, ನೇಕಾರರ ಪರೀಕ್ಷೆ. ತುಂಡು ರೇಷ್ಮೆ ನೂಲಿಗೆ ಮುಲಾಮು ಸವರಿ ಒಂದು ಗಂಟೆ ಬಿಟ್ಟು ನೀರಿಗೆ ಹಾಕಿದಳು. ಕಂದು ಬಣ್ಣ ನೀರಿಗೆ ಬಿಟ್ಟುಕೊಂಡು ನೂಲು ಮೊದಲಿನ ಹಾಗೇ ಆಯಿತು. ರೇಷ್ಮೆಗೇ ಅಂಟದ್ದು ಮಗುವಿಗೇನು ಅಂಟೀತು ಎಂದುಕೊಂಡಳು.

ಟ್ಯೂಬಿನ ಮೇಲಿದ್ದ ಪೊವಿಡೋನ್ ಅಯೋಡಿನ್ ಎಂಬ ಹೆಸರನ್ನು ಓದಿದವಳು ಚೌಡಿ. ಮಗುವಿನ ಬಾಯಿಗೆ ಹೋದರೆ ಏನೂ ಆಗುವುದಿಲ್ಲವೇ ಎಂದು ಕೇಳಿದಳು. ಅಯೋಡಿನ್ ಉಪ್ಪು ತಿಂದರೆ ಮಕ್ಕಳ ಬುದ್ಧಿ ಬೆಳೆಯುತ್ತದೆ ಎಂದು ಅಂಗನವಾಡಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರಲ್ಲ, ಅದೇ ಇದು ಎಂದಳು ತಾಯಿ. ಅಷ್ಟಕ್ಕೂ ಇದು ಮೇಲೆ ಹಚ್ಚುವುದು, ಕುಡಿಯುವುದಲ್ಲ. ಹಾಲು ಕೊಡುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರಾಯಿತು.

ಹೀಗೆ ಎದೆಗೆ ದಿನಕ್ಕೆ ಆರೇಳು ಸಲ, ಹೊಲಿಗೆಗೆ ಎರಡು ಸಲ, ಮುಲಾಮು ನಡೆಯಿತು. ಅರ್ಧ ಟ್ಯೂಬು ಮೂರೇ ದಿನಕ್ಕೆ ಮುಗಿಯಿತು. ಖಾಲಿ ಟ್ಯೂಬು ಹಿಡಿದು ಎರ್ರಮ್ಮ ಶಹನವಾಜನ ಔಷಧಿ ಅಂಗಡಿಗೆ ಹೋದಳು. ನಾಗರಾಜಪ್ಪನವರ ಕಾಲು ಇನ್ನೂ ವಾಸಿಯಾಗಲಿಲ್ಲವೇ ಎಂದು ಅವನು ಕೇಳಿದ. ಪರ ಗಂಡಸಿನ ಮುಂದೆ, ಅದೂ ಮಗನ ವಯಸ್ಸಿನವನ ಮುಂದೆ, ಮಗಳ ಎದೆಯ ಮಾತು ಹೇಗೆ ಆಡುವುದು? ಹೂಂ ಎಂದಳು. ಅವನು ಕೊಟ್ಟ. ಆಮೇಲೆ ಇನ್ನೂ ನಾಲ್ಕು ಸಲ ಹೋದಳು, ನಾಲ್ಕು ಸಲವೂ ಗಂಡನ ಕಾಲು ವಾಸಿಯಾಗಿರಲಿಲ್ಲ. ನಿಜ ಹೇಳಿದ್ದರೆ ಅವನು ತಡೆಯುತ್ತಿದ್ದನೋ ಏನೋ, ದೇವರಿಗೇ ಗೊತ್ತು.

ಅದೇ ದಿನಗಳಲ್ಲಿ ಮಗು ಸುಮ್ಮನಾಗುತ್ತ ಬಂತು.

ಮೊದಮೊದಲು ಎಲ್ಲರಿಗೂ ಸಂತೋಷವೇ. ಕುಡಿಯುತ್ತದೆ, ಮಲಗುತ್ತದೆ. ಪಕ್ಕದಲ್ಲೇ ಮಗ್ಗ ಧಡಧಡ ಎಂದರೂ ಕಣ್ಣು ತೆರೆಯುವುದಿಲ್ಲ. ಒದ್ದೆಯಾದರೂ ಅಳುವುದಿಲ್ಲ, ಹೊತ್ತು ಮೀರಿದರೂ ಹಸಿವು ಎನ್ನುವುದಿಲ್ಲ. ನಾಗರಾಜಪ್ಪನಿಗಂತೂ ಮೊಮ್ಮಗಳ ಮೇಲೆ ಅಭಿಮಾನ ಉಕ್ಕಿತು. ಮಗ್ಗದ ಮನೆಯ ಕೂಸು ಹೀಗಿರಬೇಕು, ಇವಳು ಬಂದ ಮೇಲೆ ಒಂದು ಗಳಿಗೆಯೂ ಲಾಳಿ ನಿಂತಿಲ್ಲ ಎಂದು ಬಂದವರಿಗೆಲ್ಲ ಹೇಳಿದ. ಮುಖ ಗುಂಡಗಾಗಿದೆ, ಮೈ ತುಂಬಿಕೊಂಡಿದೆ ಎಂದು ಹೆಂಗಸರು ದೃಷ್ಟಿ ತಾಗದಿರಲೆಂದು ಲಟಿಕೆ ತೆಗೆದರು. ದಣಿದ ಎರ್ರಮ್ಮನಿಗೆ ಆ ಸದ್ದಿಲ್ಲದ ಮಗು ಒಂದು ವರವಾಗಿ ಕಂಡಿತು. ದಣಿದವರಿಗೆ ಇದೊಂದು ಶಾಪ. ನೆಮ್ಮದಿ ಕೊಡುವ ಯಾವುದನ್ನೂ ಅವರು ಅನುಮಾನದಿಂದ ನೋಡುವುದಿಲ್ಲ.

ನೋಡಿದವಳು ಆಶಾ ಕಾರ್ಯಕರ್ತೆ ಮಾಲಾ. ನಲವತ್ತೆರಡನೇ ದಿನ ತೂಕದ ತಕ್ಕಡಿ ಹೆಗಲಿಗೆ ಹಾಕಿಕೊಂಡು ಬಂದಳು. ಬಿಸಿಲಿನಲ್ಲಿ ಹದಿನೈದು ಮನೆ ತಿರುಗಿ ಅವಳಿಗೂ ಸಾಕಾಗಿತ್ತು. ತೂಕ ಬರೆದುಕೊಂಡು ಹೊರಡುವವಳಿದ್ದಳು, ಮಗುವಿನ ಅಂಗಾಲಿಗೆ ಬೆರಳಿನಿಂದ ತಟ್ಟಿ ನೋಡಿದಳು. ಇನ್ನೊಮ್ಮೆ ತಟ್ಟಿದಳು. ಮಗು ಬಾಯಿ ತೆರೆದು ಒಡಕು ದನಿಯಲ್ಲಿ ಒಂದು ಸಲ ಕ್ಷೀಣವಾಗಿ ನರಳಿ ಮತ್ತೆ ನಿದ್ದೆಗೆ ಜಾರಿತು. ಕಣ್ಣಿನ ಬಿಳಿಯಲ್ಲಿ ಹಳದಿ ಇತ್ತು. ಎಷ್ಟು ದಿನಕ್ಕೊಮ್ಮೆ ಕಕ್ಕಸು ಮಾಡುತ್ತದೆ ಎಂದು ಕೇಳಿದಳು, ನಾಲ್ಕು ದಿನವಾಯಿತು ಎಂದಳು ಚೌಡಿ. ಮಾಲಾ ತಕ್ಕಡಿಯನ್ನು ಕೆಳಗಿಟ್ಟಳು.

"ಇದು ಸಾಧು ಮಗು ಅಲ್ಲ ಎರ್ರಮ್ಮಾರೆ," ಎಂದಳು. "ಇದಕ್ಕೆ ಅಳೋಕೂ ಆಗ್ತಿಲ್ಲ. ನಾಳೆನೇ ಚಳ್ಳಕೆರೆಗೆ ತೋರ್ಸಿ."

ಮರುದಿನ ಹೋದರು. ಹಾನಗಲ್, ಬಿ.ಜಿ. ಕೆರೆ, ತಳಕು ಎಂದು ನಿಂತು ನಿಂತು ಹೋಗುವ ಬಸ್ಸು. ಮಕ್ಕಳ ಡಾಕ್ಟರಮ್ಮ ರಕ್ತ ತೆಗೆಸಿ ಕಳಿಸಿದರು. ಎರಡು ದಿನ ಬಿಟ್ಟು ಅಶ್ವಥ್ ಫೋನ್ ಮಾಡಿ, ಥೈರಾಯ್ಡ್ ಅಂತೆ, ಮಗುವನ್ನು ಕರಕೊಂಡು ಬರಬೇಕಂತೆ ಎಂದ. ಮತ್ತೆ ಅದೇ ಬಸ್ಸು, ಅದೇ ನಿಲ್ದಾಣಗಳು. ಕಿಟಕಿಯ ಬಿಸಿಗಾಳಿಗೆ ಚೌಡಿ ಸೆರಗು ಅಡ್ಡ ಹಿಡಿದು ಕೂತಿದ್ದಳು. ಎರ್ರಮ್ಮನ ಕೈಚೀಲದಲ್ಲಿ ಮಗುವಿನ ಬಟ್ಟೆ, ನೀರಿನ ಬಾಟಲಿ, ಜೊತೆಗೆ ಮುಲಾಮಿನ ಟ್ಯೂಬು ಇದ್ದವು. ಮಧ್ಯಾಹ್ನ ಹಚ್ಚುವುದು ತಪ್ಪಬಾರದೆಂದು ಜ್ಞಾಪಕದಿಂದ ಇಟ್ಟುಕೊಂಡಿದ್ದಳು.

ಆಸ್ಪತ್ರೆಯಲ್ಲಿ ಅಶ್ವಥ್, ಗೀತಮ್ಮ ಆಗಲೇ ಬಂದಿದ್ದರು. ಡಾಕ್ಟರಮ್ಮ ಎರಡು ರಕ್ತ ಪರೀಕ್ಷೆಗಳ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಕಣ್ಣ ಕೆಳಗೆ ಕಪ್ಪುಗಟ್ಟಿದ್ದ ಅವರೂ ಸರಿಯಾಗಿ ನಿದ್ದೆ ಮಾಡಿದ ಹಾಗಿರಲಿಲ್ಲ. ಕುತ್ತಿಗೆಯಲ್ಲಿರುವ ಒಂದು ಸಣ್ಣ ಗ್ರಂಥಿ ಮಗುವಿನ ಮೈಯನ್ನೂ ಮಿದುಳನ್ನೂ ಬೆಳೆಸುವ ರಸ ಕೊಡುತ್ತದೆ, ಅದು ಈಗ ಕೆಲಸ ನಿಲ್ಲಿಸಿದಂತಿದೆ ಎಂದರು. ಹಾಗೇ ಬಿಟ್ಟರೆ ಬುದ್ಧಿ ಬೆಳೆಯುವುದಿಲ್ಲ. ಔಷಧಿ ಇದೆ, ಇವತ್ತೇ ಶುರು ಮಾಡೋಣ. ಅವರಿಗೆ ಅರ್ಥವಾಗದಿದ್ದುದು ಒಂದೇ. ಹುಟ್ಟಿದ ಮೂರನೇ ದಿನ ಇದೇ ಪರೀಕ್ಷೆ ಸರಿಯಾಗಿತ್ತು. ಹುಟ್ಟಿನಿಂದ ಬಂದದ್ದಲ್ಲವಾದರೆ ನಡುವೆ ಏನಾಯಿತು? ತಾಯಿ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಾಳೆಯೇ, ಮಗುವಿಗೆ ಏನಾದರೂ ಕುಡಿಸಿದ್ದಾರೆಯೇ?

ಇಲ್ಲ ಎಂದಳು ಚೌಡಿ. ಇಲ್ಲ ಎಂದಳು ಎರ್ರಮ್ಮ. ಸುಳ್ಳಲ್ಲ. ಔಷಧಿ ತೆಗೆದುಕೊಳ್ಳುವುದು ಎಂದರೆ ಬಾಯಿಗೆ ಹಾಕಿಕೊಳ್ಳುವುದು ಎಂದೇ ಅವರು ತಿಳಿದಿದ್ದರು.

ಮಗ್ಗದ ಮನೆಯ ಬಣ್ಣದಿಂದ ಆಗಿರಬೇಕು ಎಂದಳು ಗೀತಮ್ಮ. ನೂಲು ಬಣ್ಣವಾಗಿಯೇ ಬರುತ್ತದೆ, ನಾವು ಬಣ್ಣ ಅದ್ದುವುದಿಲ್ಲ ಎಂದಳು ಎರ್ರಮ್ಮ. ಹಾಗಾದರೆ ಹಾಲಿನಲ್ಲೇ ದೋಷ ಎಂದಳು ಗೀತಮ್ಮ. ಹಾಲು ಬಿಡಿಸಿ ಡಬ್ಬಿ ಹಾಲು ಹಾಕುತ್ತೇನೆ, ಕೂಸನ್ನು ಇವತ್ತೇ ನಮ್ಮ ಮನೆಗೆ ಒಯ್ಯುತ್ತೇನೆ ಎಂದಳು. ಡಾಕ್ಟರಮ್ಮ ಅವಸರ ಮಾಡಬೇಡಿ ಎಂದು, ಇನ್ನೊಮ್ಮೆ ರಕ್ತ ತೆಗೆಯಲು ನರ್ಸಿಗೆ ಹೇಳಿದರು. ನರ್ಸು ಟ್ರೇಯಲ್ಲಿದ್ದ ಕಂದು ಬಣ್ಣದ ಬಾಟಲಿಗೆ ಹತ್ತಿ ಅದ್ದಿದಳು. ಡಾಕ್ಟರಮ್ಮ ತಲೆಯೆತ್ತಿ, ಎಳೆ ಮಕ್ಕಳಿಗೆ ಅದು ಬೇಡ, ಥೈರಾಯ್ಡಿಗೆ ಆಗದು ಎಂದು ಎಷ್ಟು ಸಲ ಹೇಳಲಿ, ಸ್ಪಿರಿಟ್ ತಗೋ ಎಂದರು. ನರ್ಸು ಹತ್ತಿಯನ್ನು ಬುಟ್ಟಿಗೆ ಹಾಕಿದಳು.

ಎರ್ರಮ್ಮ ಆ ಹತ್ತಿಯನ್ನೇ ನೋಡಿದಳು. ಬಣ್ಣದ ವಿಷಯದಲ್ಲಿ ಅವಳ ಕಣ್ಣು ಮೋಸ ಹೋಗುವ ಕಣ್ಣಲ್ಲ. ಇಪ್ಪತ್ತೊಂಬತ್ತು ವರ್ಷ ನೂಲಿಗೆ ನೂಲು ಜೋಡಿಸಿ, ಕೂದಲೆಳೆಯಷ್ಟು ಬಣ್ಣ ಹೆಚ್ಚುಕಡಿಮೆಯಾದರೂ ಬೇರೆ ತೆಗೆದಿಡುವ ಕಣ್ಣು. ಅದೇ ಬಣ್ಣ.

ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅಶ್ವಥ್ ಮಾತ್ರೆ ತರಲು ಹೋದ. ಗೀತಮ್ಮ ಡಬ್ಬಿ ಹಾಲಿನ ಮಾತು ಬಿಟ್ಟಿರಲಿಲ್ಲ. ಚೌಡಿಯ ಎದೆ ತುಂಬಿ ಕುಪ್ಪಸ ಒದ್ದೆಯಾಗಿತ್ತು. ನನ್ನ ಹಾಲಿಂದಲೇ ಹಿಂಗಾಯ್ತಾ ಎಂದು ಅವಳು ತಾಯಿಯನ್ನು ಕೇಳಿದಳು, ಒಂದೇ ಸಲ, ಮೆಲ್ಲಗೆ. ಎರ್ರಮ್ಮ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಕೂತಳು.

ಸುಮ್ಮನಿದ್ದುಬಿಡಬಹುದಿತ್ತು. ಔಷಧಿ ಹೇಗೂ ಕೊಟ್ಟಿದ್ದಾರೆ. ಟ್ಯೂಬನ್ನು ದಾರಿಯಲ್ಲಿ ತಳಕಿನ ಹತ್ತಿರ ಕಿಟಕಿಯಿಂದ ಎಸೆದರೆ ಯಾರಿಗೆ ಗೊತ್ತಾಗುತ್ತದೆ? ಬೀಗಿತಿಯ ಮುಂದೆ ತಲೆ ತಗ್ಗಿಸುವುದು ತಪ್ಪುತ್ತದೆ. ಈ ಲೆಕ್ಕವೆಲ್ಲ ಅವಳ ತಲೆಯಲ್ಲಿ ಓಡಿತು, ಇಲ್ಲವೆಂದರೆ ಅವಳ ಮೇಲೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಕಾರಣ ಗೊತ್ತಾಗದೆ ಮಗುವಿಗೆ ತಾಯಿ ಹಾಲು ತಪ್ಪುತ್ತದೆ, ಮಗಳು ಬದುಕೆಲ್ಲ ತನ್ನ ಎದೆಯಲ್ಲಿ ವಿಷ ಇತ್ತು ಎಂದುಕೊಂಡೇ ಇರುತ್ತಾಳೆ. ಎರ್ರಮ್ಮ ಎದ್ದಳು. ಟೋಕನ್ ಕೂಗುವವನು ತಡೆದರೂ ನಿಲ್ಲದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಏನಾಯಿತೆಂದು ಚೌಡಿ, ಗೀತಮ್ಮ ಇಬ್ಬರೂ ಹಿಂದೆಯೇ ಬಂದರು.

ಟ್ಯೂಬನ್ನು ಮೇಜಿನ ಮೇಲಿಟ್ಟಳು.

"ಇದನ್ನ ಹಚ್ಚೀವಿ ಡಾಕ್ಟರಮ್ಮ. ಎದೆಗೆ, ಹೊಲ್ಗೆಗೆ. ಮೂರು ವಾರ ಆತು. ಅವ್ಳು ಅನ್ಮಾನ ಪಟ್ಲು. ಹಚ್ಚು ಅಂದೋಳು ನಾನು."

ಡಾಕ್ಟರಮ್ಮ ಟ್ಯೂಬನ್ನು ತಿರುಗಿಸಿ ನೋಡಿದರು. ದಿನಕ್ಕೆ ಎಷ್ಟು ಸಲ ಎಂದು ಕೇಳಿದರು, ಒಟ್ಟು ಎಷ್ಟು ಟ್ಯೂಬು ಎಂದು ಕೇಳಿದರು. ಬರೆದುಕೊಂಡರು. ಪೆನ್ನು ಕೆಳಗಿಟ್ಟು ಎರ್ರಮ್ಮನನ್ನು ಕೂರಿಸಿದರು. ಗಾಯಕ್ಕೆ ಇದು ಒಳ್ಳೆಯ ಔಷಧಿಯೇ, ಆದರೆ ಬಸುರಿಯರು, ಹಾಲೂಡಿಸುವವರು, ಎಳೆ ಮಕ್ಕಳು ಡಾಕ್ಟರನ್ನು ಕೇಳದೆ ಬಳಸಬಾರದು ಎಂದರು. ಒಡೆದ ಚರ್ಮದಿಂದ ಅಯೋಡಿನ್ ರಕ್ತಕ್ಕೆ ಇಳಿಯುತ್ತದೆ, ರಕ್ತದಿಂದ ಹಾಲಿಗೆ. ಮೇಲೆ ಎಷ್ಟು ಒರೆಸಿದರೂ ಒಳಗಿನಿಂದ ಬರುವುದನ್ನು ಒರೆಸಲಾಗುವುದಿಲ್ಲ. ಉಪ್ಪಿನಲ್ಲಿರುವ ಅಯೋಡಿನ್ ಎಂದು ಎರ್ರಮ್ಮ ತೊದಲಿದಳು. ಅದು ಚಿಟಿಕೆಯಲ್ಲಿ ಚಿಟಿಕೆ, ಅದು ಬೇಕು, ಅತಿಯಾದರೆ ಅಮೃತವೂ ವಿಷ ಎನ್ನುವುದಿಲ್ಲವೇ ಎಂದರು ಡಾಕ್ಟರಮ್ಮ. ಸುರಿದದ್ದು ಹೆಚ್ಚಾಗಿ ಎಳೆಯ ಗ್ರಂಥಿ ಕೈ ಚೆಲ್ಲಿ ಕೂತಿರಬಹುದು.

"ಮಗೂ ಬುದ್ಧಿ?" ಎಂದಳು ಚೌಡಿ.

"ಬೇಗ ಬಂದಿದ್ದೀರಿ. ಇದೇ ಕಾರಣವಾದ್ರೆ ಹೆಚ್ಚಿನ ಮಕ್ಕಳಲ್ಲಿ ಗ್ರಂಥಿ ಮತ್ತೆ ಎಚ್ಚರ ಆಗುತ್ತೆ. ಅಲ್ಲೀವರೆಗೂ ಮಾತ್ರೆ ತಪ್ಪಿಸಬೇಡಿ. ಮುಲಾಮು ಇವತ್ತಿಂದ ಬೇಡ. ಹಾಲು ಮಾತ್ರ ನಿಲ್ಲಿಸಲೇಬೇಡಿ."

ಎರಡು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಎಂದರು. ಹೊಲಿಗೆಯನ್ನು ಪಕ್ಕದ ಕೋಣೆಯ ಡಾಕ್ಟರಿಗೆ ತೋರಿಸಲು ಚೀಟಿ ಬರೆದರು. ಮೊಲೆತೊಟ್ಟು ಒಡೆಯುವುದಕ್ಕೆ ಮಗು ಬಾಯಿ ಹಾಕುವ ರೀತಿ ಸರಿಯಿಲ್ಲದಿರುವುದೇ ಕಾರಣ, ನರ್ಸು ತೋರಿಸಿಕೊಡುತ್ತಾಳೆ, ಹಚ್ಚುವುದಕ್ಕೆ ಎದೆಹಾಲೇ ನಾಲ್ಕು ಹನಿ ಸಾಕು, ಒಣಗಿ ಬಿಗಿದರೆ ಒಂದಿಷ್ಟು ಕೊಬ್ಬರಿ ಎಣ್ಣೆ ಎಂದರು.

ಕೊಬ್ಬರಿ ಎಣ್ಣೆ ಎಂದ ಕೂಡಲೇ ಗೀತಮ್ಮ ತಿರುಗಿ ಬೀಗಿತಿಯನ್ನು ನೋಡಿದಳು. ಎರ್ರಮ್ಮ ನೆಲ ನೋಡುತ್ತಿದ್ದಳು. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಬೈಗುಳಕ್ಕೆ ಕಾದಳು. ಗೀತಮ್ಮ ಕೂಗಾಡಲಿಲ್ಲ.

"ನಾನು ಕೊಟ್ಟಿದ್ದ ಎಣ್ಣೆ ಏನಾತು?" ಎಂದಳು.

"ಅಟ್ಟದ ಮ್ಯಾಲೈತೆ ಗೀತಮ್ಮಾರೆ," ಎಂದಳು ಎರ್ರಮ್ಮ. "ಮುಚ್ಳ ತಗ್ದಿಲ್ಲ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದರಂತೆ ಎನ್ನುವ ಗಾದೆ ಗೀತಮ್ಮನ ನಾಲಗೆಯ ತುದಿಗೆ ಬಂದಿರಲೇಬೇಕು. ಅವಳು ಅಂಥ ಅವಕಾಶ ಬಿಡುವವಳಲ್ಲ. ಆದರೆ ಎದುರಿಗೆ ಕೂತಿದ್ದ ಹೆಂಗಸಿನ ಮುಖ ನೋಡಿ ಅವಳಿಗೂ ಬಾಯಿ ಬರಲಿಲ್ಲ. ಚೌಡಿಯ ತೋಳು ಹಿಡಿದು, ನರ್ಸು ಇರುವಲ್ಲಿಗೆ ಕರೆದುಕೊಂಡು ಹೋದಳು. ಮಗುವನ್ನು ತನ್ನ ಮನೆಗೆ ಒಯ್ಯುವ ಮಾತು ಮತ್ತೆ ಎತ್ತಲಿಲ್ಲ. ಅದು ಕ್ಷಮೆಯೋ ಬರೀ ಸುಸ್ತೋ ಎರ್ರಮ್ಮನಿಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಚೌಡಿ ತಾಯಿಯ ಭುಜಕ್ಕೆ ತಲೆ ಇಟ್ಟು ಮಲಗಿದಳು, ನೋಯುವ ಭುಜಕ್ಕೇ. ಎರ್ರಮ್ಮ ಮೊಳಕಾಲ್ಮೂರು ಬರುವ ತನಕ ಕದಲಲಿಲ್ಲ.

ಮನೆಗೆ ಬಂದವಳೇ ಅಟ್ಟ ಹತ್ತಿ ಡಬ್ಬಿ ಇಳಿಸಿದಳು. ನಾಗರಾಜಪ್ಪ ಲಾಳಿ ಹಿಡಿದುಕೊಂಡೇ ನೋಡಿದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಆ ಟ್ಯೂಬು ತನ್ನ ಕಾಲಿಗೆ ತಂದದ್ದಲ್ಲವೇ ಎಂದು ಒಂದೇ ಮಾತು ಅಂದ. ಅವನ ಪಾಲಿನದನ್ನು ಅವನು ಹೊತ್ತುಕೊಂಡ ರೀತಿ ಅದು. ಅಂದಿನಿಂದ ಚೌಡಿ ರಾಟೆಯ ಮುಂದೆ ಕೂರಲಿಲ್ಲ. ಎರ್ರಮ್ಮ ಎಡಗೈಯಲ್ಲಿ ತಿರುಗಿಸಲು ಕಲಿತಳು. ಕಂಡಿಕೆ ಅರ್ಧಕ್ಕರ್ಧ ಕಡಿಮೆಯಾಯಿತು, ಮದುವೆ ಮನೆಯವರಿಗೆ ಸೀರೆ ತಡವಾಗುತ್ತದೆ ಎಂದು ಹೇಳಿ ಕಳಿಸಿದ್ದಾಯಿತು. ದಿನಾ ಬೆಳಿಗ್ಗೆ ಮಾತ್ರೆಯನ್ನು ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಿ ಚಮಚದಲ್ಲಿ ಕುಡಿಸುವುದು, ಆಮೇಲೆ ಹಿತ್ತಲಿನ ಎಳೆ ಬಿಸಿಲಿನಲ್ಲಿ ಕೂಸಿನ ಮೈಗೆ ಎಣ್ಣೆ ತಿಕ್ಕುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿ‍ನಕ್ಕೆ ಸುತ್ತು ಹಾಕಿದ್ದರು. ಅವಳು ಹೋಗುತ್ತ ಬರುತ್ತ ಅದನ್ನು ನೋಡುತ್ತಿದ್ದಳು. ತೊಟ್ಟಿಲ ಹತ್ತಿರ ಹೋಗಿ ಕಿವಿಗೊಡುತ್ತಿದ್ದಳು. ತಿಂಗಳ ಹಿಂದೆ ವರವಾಗಿದ್ದ ಆ ಮೌನವೇ ಈಗ ಅವಳ ಎದೆಯ ಮೇಲೆ ಕೂತಿತ್ತು.

ಒಂಬತ್ತನೇ ದಿನ. ಚೌಡಿ ಬಚ್ಚಲಲ್ಲಿದ್ದಳು. ಎರ್ರಮ್ಮ ಕೂಸಿಗೆ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಲಗಿಸಿ, ಕೈ ತೊಳೆಯಲು ಹಿತ್ತಲಿಗೆ ಬಂದಿದ್ದಳು. ಸೀಗೆಪುಡಿಯ ಡಬ್ಬಿಗೆ ಕೈ ಹಾಕಬೇಕು, ಅಷ್ಟರಲ್ಲಿ ಒಳಗಿನಿಂದ ಒಂದು ಅಳು ಬಂತು. ಗಂಟಲು ಹರಿಯುವ, ಮನೆಯ ಹೆಂಚು ಹಾರಿಸುವ ಅಳು. ಮಗ್ಗದ ಸದ್ದು ಗಕ್ಕನೆ ನಿಂತಿತು.

ಎರ್ರಮ್ಮನಿಗೆ ಏನಾಯಿತೋ ಎಂಬ ಭಯವೇ ಮೊದಲು ಬಂದದ್ದು. ಓಡಿದಳು. ಮಗ್ಗಕ್ಕೂ ಗೋಡೆಗೂ ನಡುವೆ ಒಂದು ಮೊಳ ಜಾಗ, ಇಪ್ಪತ್ತೊಂಬತ್ತು ವರ್ಷ ಸೆರಗು ಬಿಗಿಹಿಡಿದು ಓರೆಯಾಗಿ ನಡೆದ ಜಾಗ. ಅಂದು ಎಡವಿ, ಸಿಕ್ಕಿದ್ದನ್ನು ಹಿಡಿದು ಸಾವರಿಸಿಕೊಂಡು ತೊಟ್ಟಿಲು ಮುಟ್ಟಿದಳು. ಮಗುವಿಗೆ ಏನೂ ಆಗಿರಲಿಲ್ಲ. ಮುಖ ಕೆಂಪಗೆ, ಮುಷ್ಟಿ ಬಿಗಿದು, ಕಾಲು ಝಾಡಿಸಿ, ಹಸಿವು ಎಂದು ಲೋಕಕ್ಕೆಲ್ಲ ಸಾರುತ್ತಿತ್ತು. ಒದ್ದೆ ತಲೆಯಲ್ಲೇ ಓಡಿ ಬಂದ ಚೌಡಿ ಅದನ್ನು ಎತ್ತಿಕೊಂಡು ಒಳ ಅಂಕಣಕ್ಕೆ ಹೋದಳು. ಹಾಲು ಸಿಗುವ ತನಕ ಅದು ಬಾಯಿ ಮುಚ್ಚಲಿಲ್ಲ.

ಆಮೇಲೆ ಎರ್ರಮ್ಮ ತಿರುಗಿದಳು. ಅರಿಶಿನ ಬಣ್ಣದ ಮದುವೆ ಸೀರೆಯ ಒಡಲಲ್ಲಿ, ನೇಯ್ದು ಇನ್ನೂ ಸುತ್ತದೆ ಉಳಿದಿದ್ದ ಜಾಗದಲ್ಲಿ, ನಾಲ್ಕು ಬೆರಳು ಮೂಡಿದ್ದವು. ಎಣ್ಣೆಯ ಬೆರಳು. ನಾಗರಾಜಪ್ಪನೂ ಅದನ್ನೇ ನೋಡುತ್ತಿದ್ದ. ಅವನು ಗೂಡಿನಿಂದ ವಿಭೂತಿ ತೆಗೆದು ಪುಡಿ ಮಾಡಿ, ಎಣ್ಣೆ ಹೀರಲೆಂದು ಕಲೆಯ ಮೇಲೆ ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿದ.

"ಹೋಗ್ತೈತಾ?" ಎಂದು ಕೇಳಿದಳು.

"ಇಲ್ಲ," ಎಂದ.

ಅವಳಿಗೆ ಅಳು ಬರುವುದರಲ್ಲಿತ್ತು. ಕಲೆಗಲ್ಲ ಎಂದು ಅವಳಿಗೂ ಗೊತ್ತಿತ್ತು. ನಾಗರಾಜಪ್ಪ ಲಾಳಿಯನ್ನು ಪಕ್ಕಕ್ಕಿಟ್ಟು ಗುಂಡಿಯ ಅಂಚಿಗೆ ಒರಗಿದ. ಹೊತ್ತಾಯಿತು, ಮಗ್ಗ ಹೊಡೀರಿ ಎಂದಳು ಎರ್ರಮ್ಮ.

"ಇರು," ಎಂದ. "ಮಗ್ಗ ಹೊಡುದ್ರೆ, ಇನ್ನೊಂದ್ ಸಲ ಅತ್ರೆ ಕೇಳ್ಸಲ್ಲ."

ಎರ್ರಮ್ಮ ಎಣ್ಣೆ ಕೈಯಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಎದ್ದು ಹೋಗಿ ತೊಳೆದುಕೊಳ್ಳುವಷ್ಟು ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ. ಒಳಗೆ ಮಗು ಚಪ್ಪರಿಸಿ ಹಾಲು ಕುಡಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಕಿವಿಗೊಟ್ಟು ಕಾದು ಕೂತರು.